ಹೊಸಿಲಿಗೆ ಹಾಕಿದ ನೀರು

ಹೊಸಿಲಿಗೆ ನೀರು ಬೀಳದೆ ನಮ್ಮ ಅತ್ತೆ ಕಮಲಾ ಅವರಿಗೆ ಗಂಟಲಲ್ಲಿ ಕಾಫಿ ಇಳಿಯುವುದಿಲ್ಲ. ನ್ಯೂಜಿಲೆಂಡಿನ ಹ್ಯಾಮಿಲ್ಟನ್ ಊರಿನ ರೊಟೊಟೂನ ಬಡಾವಣೆಯಲ್ಲಿ ನಮ್ಮ ಮನೆ. ಬೆಳಗ್ಗೆ ಎದ್ದವರೇ ಬಾಗಿಲ ಮುಂದೆ ನೀರು ಹಾಕಿ, ಕಾಂಕ್ರೀಟಿನ ಮೇಲೆ ರಂಗೋಲಿ ಬಿಟ್ಟು, ಆಮೇಲೆ ಯೂನಿಫಾರ್ಮ್ ತೊಟ್ಟು ಕೆಲಸಕ್ಕೆ ಹೊರಡುತ್ತಾರೆ. ಪಕ್ಕದ ಮನೆಯ 'ಕಿವಿ', ಅಂದರೆ ಇಲ್ಲೇ ಹುಟ್ಟಿ ಬೆಳೆದ ಮಹಾಶಯ, ತನ್ನ ಪಿಕಪ್ ಗಾಡಿ ಹಿಂದಕ್ಕೆ ತೆಗೆಯುವಾಗ, ಚಕ್ರ ರಂಗೋಲಿಯ ಮೇಲೆ ಹೋಗದಿರಲೆಂದು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಾನೆ. ನನಗಿಲ್ಲದ ಭಕ್ತಿ ಅವನಿಗಿದೆ.

ಅತ್ತೆ ಮಂಡ್ಯದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಮಾವ ಹೋದಮೇಲೆ ನಮ್ಮ ಜೊತೆ ಇರಲು ಬಂದರು. ಸುಮ್ಮನೆ ಕೂರುವ ಜನ್ಮವಲ್ಲ, ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ರೆಸ್ಟ್ ಹೋಮ್‌ನಲ್ಲಿ ಕೇರ್‌ಗಿವರ್ ಆಗಿ ಸೇರಿಕೊಂಡರು. ಅಂಥ ಕಡೆ ಎಲ್ಲರಿಗೂ ಒಂದೇ ಭಯ, ಯಾರಾದರೂ ಜಾರಿ ಬಿದ್ದರೆ? ಹಾಗಾಗಿ ಅಲ್ಲೊಂದು ಕಟ್ಟುನಿಟ್ಟು. ನೆಲ ಒದ್ದೆ ಮಾಡಿದವರು ಅಲ್ಲಿಂದ ಕದಲಬಾರದು. ಯಾರಾದರೂ ಎಚ್ಚರಿಕೆಯ ಹಳದಿ ಬೋರ್ಡ್ ತಂದಿಡಬೇಕು, ಇಲ್ಲವೇ ನೆಲ ಒಣಗಬೇಕು. ಅಲ್ಲಿಯವರೆಗೆ ತಾವೇ ಬೋರ್ಡಾಗಿ ನಿಂತಿರಬೇಕು. ಅತ್ತೆ ಅದನ್ನು ಮನೆಗೂ ತಂದರು. ಅಡುಗೆಮನೆ ಒರೆಸಿ, ಬಾಗಿಲಿಗೆ ಅಡ್ಡವಾಗಿ ಒರೆಸುವ ಕೋಲು ಹಿಡಿದು ನಿಂತರೆಂದರೆ ನಾನು ಆಫೀಸಿಗೆ ತಡವಾದರೂ ಸರಿ, ಒಂದು ಲೋಟ ನೀರು ಸಿಗುವುದಿಲ್ಲ.

"ಅತ್ತೆ, ದಾರಿ ಬಿಡಿ."

"ಒಣಗ್ಲಿ ಇರೇ ಯಾಮಿನಿ."

ಎಷ್ಟು ಸಲ ಹಲ್ಲು ಕಚ್ಚಿಕೊಂಡಿದ್ದೇನೋ ನನಗೇ ಗೊತ್ತಿಲ್ಲ.

2016ರ ಡಿಸೆಂಬರಿನಲ್ಲಿ ನಾವು ಇಲ್ಲಿಯ ಬೇಸಿಗೆಯನ್ನು ಬಿಟ್ಟು ಕೆನಡಾದ ಕ್ವಿಬೆಕ್ ನಗರಕ್ಕೆ ಚಳಿ ಹುಡುಕಿಕೊಂಡು ಹೋದೆವು. ನಾನು, ನನ್ನ ಗಂಡ ಆದರ್ಶ್, ಮಗಳು ಪೂರ್ವಿ, ಅತ್ತೆ. ನನ್ನ ತಂಗಿ ರಶ್ಮಿತಾ ಅಲ್ಲಿ ನರ್ಸ್. ಊರೆಲ್ಲ ಫ್ರೆಂಚ್ ಮಾತು, ರಸ್ತೆಯೆಲ್ಲ ಹಿಮ. ಅಪ್ಪ ಚಂದ್ರಮೌಳಿ ಅವಳ ಜೊತೆಗೇ ಇದ್ದರು. ಹಿಂದಿನ ವರ್ಷ ಬಿದ್ದು ಸೊಂಟದ ಕೀಲು ಬದಲಾಯಿಸಿಕೊಂಡಿದ್ದರು. ಇನ್ನೊಮ್ಮೆ ಬಿದ್ದರೆ ಮತ್ತೆ ನಡೆಯುವ ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಆದರೂ ದಿನಾ ಬೆಳಗ್ಗೆ ಒಬ್ಬರೇ ಹೋಗಿ ಬೇಕರಿಯಿಂದ ಬಿಸಿ ಬ್ರೆಡ್ ತರುವುದನ್ನು ಬಿಟ್ಟಿರಲಿಲ್ಲ. ಕಂಬಿ ಹಿಡಿಯದೆ ಮೆಟ್ಟಿಲು ಹತ್ತುತ್ತಾರೆ ಎಂದು ರಶ್ಮಿತಾ ಫೋನಿನಲ್ಲಿ ಅತ್ತದ್ದೂ ಉಂಟು.

ಅಪ್ಪನಿಗೂ ಅತ್ತೆಗೂ ಅಷ್ಟಕ್ಕಷ್ಟೆ. ಅಪ್ಪ ವಿಜ್ಞಾನದ ಮೇಷ್ಟ್ರಾಗಿದ್ದವರು, ಪೂಜೆ ಪುನಸ್ಕಾರ ಎಂದರೆ ಮೂಗು ಮುರಿಯುವವರು. ನನ್ನ ಮದುವೆಯಲ್ಲಿ ಅಳಿಯನ ಕಾಲು ತೊಳೆಯಲೇಬೇಕೆಂದು ಅತ್ತೆ ಹಟ ಹಿಡಿದರು. ಅಪ್ಪ ತೊಳೆದರು. ಅಂದಿನಿಂದ ಬೀಗರಿಬ್ಬರ ಮಾತು ಮಳೆ ಚಳಿಯ ವಿಚಾರ ದಾಟಿ ಮುಂದೆ ಹೋಗಿಲ್ಲ.

ಅತ್ತೆ ಡಬ್ಬಿಯಲ್ಲಿ ರಂಗೋಲಿ ಪುಡಿ ತಂದಿದ್ದರು. ಆ ಬಿಳಿ ಪುಡಿಯ ದೆಸೆಯಿಂದ ವಿಮಾನ ನಿಲ್ದಾಣದಲ್ಲಿ ನಮ್ಮ ಮರ್ಯಾದೆ ಹೋಗುವುದೊಂದು ಬಾಕಿಯಿತ್ತು. ಊಟಕ್ಕೆ ಕೂತಾಗ ಆದರ್ಶ್ ಇದನ್ನು ಹೇಳಿ ನಗಿಸಿದ. ಅಪ್ಪ ಬಿಡುತ್ತಾರೆಯೇ?

"ಬೀಗಿತ್ತಿಯವ್ರು ಇಲ್ಲೂ ರಂಗೋಲಿ ಹಾಕ್ತಾರೇನು? ಈ ಊರಿಗೆ ಲಕ್ಷ್ಮಿ ಬರೋದಾದ್ರೆ ಸ್ನೋ ಬೂಟ್ ಹಾಕ್ಕೊಂಡೇ ಬರಬೇಕು!"

ಎಲ್ಲರೂ ನಕ್ಕೆವು. ಅತ್ತೆ ಮಾತ್ರ ತಟ್ಟೆ ಎತ್ತಿಕೊಂಡು ಎದ್ದರು. ಅವರು ಮಾತಾಡದಿದ್ದರೆ ಮನಸ್ಸಿನಲ್ಲಿ ಏನೋ ತೀರ್ಮಾನವಾಗಿದೆ ಎಂದೇ ಅರ್ಥ, ನನಗದು ಹೊಳೆಯಬೇಕಿತ್ತು.

ರಶ್ಮಿತಾಳ ಮನೆ ಮೊದಲ ಮಹಡಿಯಲ್ಲಿ. ಬೀದಿಯಿಂದ ನೇರ ಮೇಲೆ ಬರುವ ಮರದ ಮೆಟ್ಟಿಲು ಬಯಲಿನಲ್ಲೇ ಇದೆ. ಮರುದಿನ ಬೆಳಗ್ಗೆ ರಶ್ಮಿತಾ ಡ್ಯೂಟಿಗೆ, ಅಪ್ಪ ಬ್ರೆಡ್ಡಿಗೆ ಹೋದಮೇಲೆ ಅತ್ತೆ ಎದ್ದರು. ಬಾಗಿಲು ತೆರೆದು ನೋಡಿದರೆ ಮೆಟ್ಟಿಲ ಮೇಲೆ ತೆಳ್ಳಗೆ ಹಿಮ. ತಣ್ಣೀರಾದರೆ ಹೆಪ್ಪುಗಟ್ಟೀತು, ಬಿಸಿನೀರು ಹಾಕಿದರೆ ಹಿಮವೂ ಕರಗುತ್ತದೆ, ಹೊಸಿಲೂ ತೊಳೆದಂತಾಗುತ್ತದೆ ಎಂದುಕೊಂಡರು. ದೊಡ್ಡ ಪಾತ್ರೆ ತುಂಬ ನೀರು ಕಾಯಿಸಿ ಹೊಸಿಲಿನಿಂದ ಕೆಳಕ್ಕೆ ಸುರಿದರು. ಹಿಮ ಕರಗಿತು. ರಂಗೋಲಿ ಡಬ್ಬಿ ತೆಗೆದುಕೊಂಡು ಬಗ್ಗುವಷ್ಟರಲ್ಲಿ ನೀರು ಮೆಟ್ಟಿಲುದ್ದಕ್ಕೂ ಗಾಜಾಗಿತ್ತು. ಕಾಲು ಜಾರಿ ಧೊಪ್ಪನೆ ಕೂತರು. ಪಾತ್ರೆ ಢಣಢಣ ಎನ್ನುತ್ತ ಬೀದಿಗೆ ಉರುಳಿತು. ಹಿಂದೆ ಬಾಗಿಲು ತಾನಾಗಿ ಮುಚ್ಚಿ ಲಾಕ್ ಆಯಿತು.

ಮೈಮೇಲೆ ಸೀರೆ, ಒಂದು ಸ್ವೆಟರ್, ಕಾಲಿಗೆ ಮನೆಯ ಚಪ್ಪಲಿ. ಬಾಗಿಲು ಬಡಿದರು. ಒಳಗೆ ಇನ್ನೊಂದು ಬಾಗಿಲು, ನಾವೆಲ್ಲ ಹಿಂದಿನ ಕೋಣೆಗಳಲ್ಲಿ, ಯಾರಿಗೂ ಕೇಳಲಿಲ್ಲ. ಬೆಲ್ ಒತ್ತಿದರು. ನೈಟ್ ಡ್ಯೂಟಿ ಬಿದ್ದಾಗ ಹಗಲು ಮಲಗುವ ರಶ್ಮಿತಾ ಅದರ ಬ್ಯಾಟರಿ ಯಾವತ್ತೋ ತೆಗೆದುಹಾಕಿದ್ದಳು. ಆಗ ಅತ್ತೆಗೆ ನೆನಪಾದದ್ದು ಚಳಿಯಲ್ಲ, ಬೀಗರು. ಬ್ರೆಡ್ ಹಿಡಿದು ಬರುತ್ತಾರೆ, ಕಂಬಿ ಹಿಡಿಯುವುದಿಲ್ಲ. ಅತ್ತೆ ಕೂತಲ್ಲಿಂದಲೇ ಒಂದೊಂದಾಗಿ ಮೆಟ್ಟಿಲು ಜಾರಿಕೊಂಡು ಇಳಿದು, ಕಟ್ಟಕಡೆಯದರ ಮೇಲೆ ಬೀದಿಗೆ ಮುಖ ಮಾಡಿ ಕೂತರು.

ಪೂರ್ವಿ ನನ್ನನ್ನು ಅಲ್ಲಾಡಿಸಿ ಎಬ್ಬಿಸಿದಳು. "ಅಮ್ಮಾ, ಅಜ್ಜಿ ಇಸ್ ನಾಟ್ ಹಿಯರ್. ಬಟ್ ಹರ್ ಬೂಟ್ಸ್ ಆರ್ ಹಿಯರ್."

ಬೂಟು ಇಲ್ಲಿ, ಅತ್ತೆ ಎಲ್ಲಿ? ಓಡಿಹೋಗಿ ಮುಂಬಾಗಿಲು ತೆರೆದೆ. ಕಾಲು ಹೊರಗಿಡುವುದರಲ್ಲಿದ್ದೆ. ರಂಗೋಲಿ ಡಬ್ಬಿ ಮಗುಚಿಕೊಂಡು ಮಂಜುಗಡ್ಡೆಗೆ ಅಂಟಿಕೊಂಡಿದ್ದು ಕಾಣಿಸಿತು. ಮೇಲಿನಿಂದ ಕೆಳಗಿನವರೆಗೆ ಮೆಟ್ಟಿಲು ಫಳಫಳ ಹೊಳೆಯುತ್ತಿತ್ತು. ಕೊನೆಯಲ್ಲಿ ಅತ್ತೆಯ ಬೆನ್ನು.

ಪಕ್ಕದಲ್ಲಿ ಕೆಳಮನೆಯ ಮುದುಕಿ. ಕಂಬಳಿ ಹೊದಿಸಿ, ಫ್ರೆಂಚಿನಲ್ಲಿ ಏನೇನೋ ಹೇಳುತ್ತ, ತನ್ನ ಮನೆಯೊಳಕ್ಕೆ ರಟ್ಟೆ ಹಿಡಿದು ಎಳೆಯುತ್ತಿದ್ದಳು. ಅತ್ತೆ ಕಂಬಿಗೆ ಕೈ ಸುತ್ತಿ, ಬರಲಾರೆನೆಂದು ತಲೆಯಾಡಿಸುತ್ತಿದ್ದರು. ಬೀದಿಯ ತಿರುವಿನಲ್ಲಿ ಅಪ್ಪ ಕಾಣಿಸಿಕೊಂಡರು. ಕಿವಿ ಮುಚ್ಚುವ ಟೊಪ್ಪಿಗೆ, ಕೈಯಲ್ಲಿ ಬ್ರೆಡ್ಡಿನ ಚೀಲ.

"ಅಪ್ಪಾ, ಹತ್ತಬೇಡಿ! ಅಲ್ಲೇ ನಿಲ್ಲಿ!"

ಗಾಳಿಗೆ ನನ್ನ ಕೂಗು ನನಗೇ ಕೇಳಲಿಲ್ಲ. ಇಳಿಯುವಂತಿಲ್ಲ, ಇಳಿದರೆ ಉರುಳಿಹೋಗಿ ಅವರಿಬ್ಬರ ಮೇಲೇ ಬೀಳುತ್ತೇನೆ. ಆದರ್ಶ್‌ನನ್ನು ಕಿರುಚಿ ಕರೆದೆ. ನನಗೆ ಭಯ, ಭಯದ ಜೊತೆಗೆ ಕಣ್ಣು ಕತ್ತಲಿಡುವಷ್ಟು ಸಿಟ್ಟು, ಅತ್ತೆಯ ಮೇಲೆ, ಅವರ ನೀರಿನ ಮೇಲೆ, ಅಪ್ಪನ ಠೀವಿಯ ಮೇಲೆ.

ಅಪ್ಪ ಹತ್ತಿರ ಬಂದರು. ಅತ್ತೆಯ ಬಾಯಿ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ. ದವಡೆ ಗಡಗಡ ನಡುಗುತ್ತಿತ್ತು. ಎಲ್ಲರೂ ನಕ್ಕದ್ದಕ್ಕೆ ಮುನಿಸಿಕೊಂಡು ಹೊರಗೆ ಬಂದು ಕೂತಿದ್ದಾರೆ ಎಂದು ಅಪ್ಪ ತಿಳಿದರಂತೆ. ತಲೆ ತಗ್ಗಿಸಿ, ಪಕ್ಕದಲ್ಲಿ ಸರಿದು, ಒಂದು ಕಾಲು ಮೆಟ್ಟಿಲ ಮೇಲಿಟ್ಟರು. ಎರಡನೆಯದನ್ನು ಎತ್ತಿದರು.

ಅತ್ತೆ ಮುಂದಕ್ಕೆ ಬಾಗಿ ಅಪ್ಪನ ಎರಡೂ ಕಾಲುಗಳನ್ನು ತಬ್ಬಿ ಹಿಡಿದುಬಿಟ್ಟರು.

ಗಂಡಿನ ಕಡೆಯವರು, ಅದರಲ್ಲೂ ಹುಡುಗನ ತಾಯಿ, ಹೆಣ್ಣಿನ ತಂದೆಯ ಕಾಲು ಹಿಡಿಯುವುದೇ! ಅಪ್ಪ ಬೆಂಕಿ ತುಳಿದವರಂತೆ ಬೆಚ್ಚಿದರು.

"ಏನ್ರೀ ಇದು! ಬಿಡಿ, ಬಿಡಿ! ಜನ ನೋಡ್ತಾರೆ!"

ಅತ್ತೆ ಇನ್ನೂ ಗಟ್ಟಿಯಾಗಿ ಹಿಡಿದರು. ಅಪ್ಪ ಓಲಾಡಿದರು. ಕೈ ತಾನಾಗಿ ಕಂಬಿಗೆ ಹೋಯಿತು, ಅಪ್ಪ ನಿಂತುಕೊಂಡರು. ಟೊಪ್ಪಿಗೆ ಕಿತ್ತು ಮೇಲೆ ನೋಡಿದರು. ಆಗ ನನ್ನ ಕೂಗು ಕೇಳಿತು, ಮೆಟ್ಟಿಲೂ ಕಾಣಿಸಿತು.

"ಆಯ್ತು ಬೀಗಿತ್ತಿಯವ್ರೇ, ಹತ್ತಲ್ಲ. ಎಲ್ಲೂ ಹೋಗಲ್ಲ. ಬಿಡಿ ಈಗ."

"ಬಿಡಕ್ಕಾಗ್ತಿಲ್ಲ," ಅಂದರು ಅತ್ತೆ. "ಬೆರಳು ಬರ್ತಿಲ್ಲ."

ಬಗ್ಗಬಾರದೆಂದು ಡಾಕ್ಟರು ಹೇಳಿದ್ದರೂ ಅಪ್ಪ ಕಂಬಿ ಹಿಡಿದು, ಸೊಂಟ ಓರೆ ಮಾಡಿಕೊಂಡು, ನಿಧಾನವಾಗಿ ಅತ್ತೆಯ ಪಕ್ಕದಲ್ಲಿ ಕೂತರು. ಪ್ಯಾಂಟಿಗೆ ಅಂಟಿದಂತಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಬ್ರೆಡ್ಡು ಇನ್ನೂ ಬೆಚ್ಚಗಿತ್ತು. ಅದನ್ನು ಅತ್ತೆಯ ಮಡಿಲಿಗಿಟ್ಟು, ಆ ಕೈಗಳನ್ನು ಅದರ ಮೇಲಿಟ್ಟು, ತಮ್ಮ ಕೈ ಮುಚ್ಚಿದರು.

"ಆಯಮ್ಮ ಒಳಗೆ ಕರೀತಿದ್ರಲ್ಲ, ಹೋಗ್ಬಾರ್ದಿತ್ತಾ?"

"ಹೋಗಿದ್ರೆ ನೀವು ಹತ್ತಿಬಿಡ್ತಿದ್ರಿ. ಒದ್ದೆ ಮಾಡಿದ್ದು ನಾನಲ್ವಾ."

ಕೆಳಮನೆಯ ಮುದುಕಿ ಉಪ್ಪು ತಂದು ಮೆಟ್ಟಿಲಿಗೆ ಎರಚಿದಳು. ಆದರ್ಶ್ ಕಂಬಿ ಹಿಡಿದು ಇಳಿದು ಇಬ್ಬರನ್ನೂ ಅವಳ ಮನೆಯೊಳಗೆ ಸೇರಿಸಿದ. ಡ್ಯೂಟಿಯಿಂದ ಓಡಿಬಂದ ರಶ್ಮಿತಾ ಉಗುರುಬೆಚ್ಚಗಿನ ನೀರಿನಲ್ಲಿ ಅತ್ತೆಯ ಕೈ ಅದ್ದಿಸಿದಳು. ಜೀವ ಬರುವಾಗ ಆ ನೋವಿಗೆ ಅತ್ತೆ ಮಗುವಿನಂತೆ ಅತ್ತರು. ಬಲಗೈಯ ಎರಡು ಬೆರಳ ತುದಿಗೆ ಸ್ಪರ್ಶ ಮರಳಲಿಲ್ಲ. ಹೆಬ್ಬೆರಳು, ತೋರುಬೆರಳು. ರಂಗೋಲಿ ಹಿಡಿಯುವ ಬೆರಳುಗಳು.

ಮರುದಿನ ನಾನು ಎದ್ದು ಬಂದಾಗ ಊಟದ ಮೇಜಿನ ಮೇಲೆ ಬೇಕಿಂಗ್ ಟ್ರೇ ಇತ್ತು. ಕೈಗೆ ಬ್ಯಾಂಡೇಜು ಸುತ್ತಿಕೊಂಡ ಅತ್ತೆ ಕುರ್ಚಿಯಲ್ಲಿ. ಎದುರಿಗೆ ನಮ್ಮಪ್ಪ, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಟ್ರೇಯ ಮೇಲೆ ಮೈದಾಹಿಟ್ಟಿನ ಚುಕ್ಕಿ ಇಡುತ್ತಿದ್ದರು. ಸಾಲೆಲ್ಲ ಸೊಟ್ಟ.

"ಸಾಲು ನೆಟ್ಟಗಿರ್ಲಿ ಮೇಷ್ಟ್ರೇ," ಅಂದರು ಅತ್ತೆ.

"ಬೋರ್ಡಿನ ಮೇಲಾದ್ರೆ ನೆಟ್ಟಗೆ ಬರ್ತಿತ್ತು." ಅಪ್ಪ ಬೆರಳು ಒರೆಸಿಕೊಂಡರು. ಆಮೇಲೆ ಬಾಗಿಲ ಕಡೆ ನೋಡಿ, ತಗ್ಗಿದ ದನಿಯಲ್ಲಿ ಕೇಳಿದರು. "ಮೊದಲು ಹೊಸಿಲಿಗೆ ನೀರು ಹಾಕ್ಬೇಕಲ್ವಾ?"

"ಇವತ್ತು ಬೇಡ," ಅಂದರು ಅತ್ತೆ.

ಪೂರ್ವಿ ಟ್ರೇ ತೆಗೆದುಕೊಂಡು ಹೋಗಿ ಬಾಗಿಲ ಒಳಗಡೆ ಇಟ್ಟಳು. ಅಪ್ಪ ಟೊಪ್ಪಿಗೆ ಹಾಕಿಕೊಂಡು, ರಂಗೋಲಿ ತುಳಿಯದೆ ದಾಟಿ, ಕಂಬಿ ಹಿಡಿದು ಬ್ರೆಡ್ಡಿಗೆ ಇಳಿದುಹೋದರು. ಅವರು ತಿರುಗಿ ಬಂದು ಮೆಟ್ಟಿಲು ಹತ್ತಿ ಮುಗಿಸುವವರೆಗೂ ಅತ್ತೆ ಕಿಟಕಿ ಬಿಟ್ಟು ಕದಲಲಿಲ್ಲ. ನಾನೂ ಅವರ ಪಕ್ಕದಲ್ಲಿ ನಿಂತಿದ್ದೆ.