ಧೂಳಿನ ಉಂಗುರಗಳು

ನನ್ನ ಗಂಡನಿಗೆ ಲಕ್ವಾ ಹೊಡೆದದ್ದು ಬೇಸಿಗೆಯ ಒಂದು ಮುಂಜಾನೆ, ಮಾಳಿಗೆಯ ಮೆಟ್ಟಿಲ ಮೇಲೆ. ಕೈಯಲ್ಲಿ ಬಿಳಿ ದಿಂಬಿನ ಚೀಲವಿತ್ತು. ಬೆಳಕು ಹರಿಯುವ ಮೊದಲೇ ದಿಂಬಿನ ಚೀಲ ಹಿಡಿದುಕೊಂಡು ಮಾಳಿಗೆ ಹತ್ತುವ ಗಂಡಸು ಇಡೀ ಮೂಡಲಗಿಯಲ್ಲಿ ಇವರೊಬ್ಬರೇ ಇರಬೇಕು. "ಏನ್ ಮಳ್ಳ ಹಿಡದೈತೊ ಏನೊ" ಎಂದು ನಾನು ಒಳಗಿನಿಂದ ಗೊಣಗುತ್ತಿದ್ದೆ. ದೊಪ್ಪನೆ ಸದ್ದಾಯಿತು. ಓಡಿಹೋಗಿ ನೋಡಿದರೆ ಬಾಯಿ ಸೊಟ್ಟಗಾಗಿತ್ತು.

ಅವರು ಹುಕ್ಕೇರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವರು, ನಾನು ಇಲ್ಲೇ ಕನ್ನಡ. ನಿವೃತ್ತಿಯಾದ ಮೇಲೆ, ಆಕಾಶ ನೋಡುವ ತಮ್ಮ ದುರ್ಬೀನಿಗೆ ಜೋಡಿಸುವ ಕ್ಯಾಮೆರಾ ಒಂದನ್ನು ತರಿಸಿಕೊಂಡರು. ಅಂಗೈಯಗಲದ ಡಬ್ಬಿ. ಮುಂದೆ ಒಂದು ಗಾಜು, ಬೆನ್ನಿಗೆ ಒಂದು ಫ್ಯಾನು. ತನ್ನನ್ನು ತಾನೇ ತಂಪು ಮಾಡಿಕೊಳ್ಳುತ್ತದಂತೆ. "ಅಡಗಿಮನ್ಯಾಗ ನನಗ ಫ್ಯಾನ್ ಇಲ್ಲ, ಇದಕ್ಕ ಐತಿ ನೋಡ್ರಿ" ಎಂದು ಬಂದವರ ಮುಂದೆಲ್ಲ ಆಡಿಕೊಂಡು ನಕ್ಕಿದ್ದೇನೆ.

ಘಟಪ್ರಭೆಯ ಆಸ್ಪತ್ರೆಯಿಂದ ಮನೆಗೆ ಬಂದಾಗ ಅವರ ಬಲಗೈ ಬಲಗಾಲಿಗೆ ಸ್ವಾಧೀನ ಇರಲಿಲ್ಲ, ಮಾತೂ ಇರಲಿಲ್ಲ. ತಿಳಿವಳಿಕೆ ಮಾತ್ರ ಇದ್ದಲ್ಲೇ ಇತ್ತು. ಏನು ಬೇಕಾದರೂ ಎಡಗೈಯಿಂದ ಮಂಚ ಬಡಿಯುವುದು. ನೀರಿಗೂ ಅದೇ, ಸೊಳ್ಳೆಗೂ ಅದೇ. ಈ ಕೆಲವು ತಿಂಗಳಲ್ಲಿ ವ್ಯಾಯಾಮ ಮಾಡಿಸದಿದ್ದರೆ ಕೈಕಾಲು ಹಾಗೇ ಸೆಟೆದು ನಿಲ್ಲುತ್ತವೆ, ಆಮೇಲೆ ಯಾರೂ ಏನೂ ಮಾಡಲಾಗದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ವ್ಯಾಯಾಮ ಮಾಡಿಸುವ ಹೆಣ್ಣುಮಗಳು ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಇವರು ಅವಳ ಕೈ ತಳ್ಳಿಬಿಡುತ್ತಿದ್ದರು. ನಾನು ರಮಿಸಿದೆ, ಗದರಿದೆ, ಒಂದು ದಿನ ಕೈಮುಗಿದೂ ಕೇಳಿದೆ. ಊಹೂಂ.

ದೀಪಾವಳಿ ಕಳೆದ ಮೇಲೆ, ಯಾರದೋ ಫೋನ್ ನಂಬರು ಹುಡುಕಲೆಂದು ಅವರ ಲ್ಯಾಪ್‌ಟಾಪ್ ತೆರೆದೆ. ತೆರೆದ ಕೂಡಲೇ ಒಂದು ಮಸುಕು ಸುರುಳಿಯ ಚಿತ್ರ ಬಂತು. ಲಕ್ವಾ ಹೊಡೆಯುವ ಮುಂಚಿನ ಎರಡು ವಾರ ಇವರು ಒಂದೇ ಗೆಲಾಕ್ಸಿಯನ್ನು ಹಿಡಿದು ಕೂತಿದ್ದರು, ಅದೇ ಇದು. ಹಾಗೆ ತೆಗೆದ ನೂರಾರು ಫೋಟೋ ಅಲ್ಲಿದ್ದವು, ಒಂದನ್ನೂ ಮುಗಿಸಿರಲಿಲ್ಲ. ಹಿಂದೆ ಮಂಚ ಕಿರ್ ಎಂದಿತು. ತಿರುಗಿ ನೋಡಿದರೆ ಕತ್ತು ಎತ್ತಿದ್ದಾರೆ! ಆರು ತಿಂಗಳಲ್ಲಿ ಮೊದಲ ಸಲ, ಯಾರೂ ಎತ್ತದೆ, ತಾವಾಗಿ. ಅವತ್ತು ಆ ಹೆಣ್ಣುಮಗಳ ಕೈಯನ್ನೂ ತಳ್ಳಲಿಲ್ಲ. ನನ್ನ ತಲೆಯಲ್ಲಿ ಕೂತುಬಿಟ್ಟಿತು: ಈ ಚಿತ್ರ ಮುಗಿದರೆ ಈ ಮನುಷ್ಯ ಎದ್ದು ಕೂರುತ್ತಾನೆ.

ಚಿತ್ರದ ತುಂಬ ಕೆಂಪು, ನೀಲಿ ಚುಕ್ಕಿಗಳು. ಅವು ನಕ್ಷತ್ರಗಳಲ್ಲ ಎನ್ನುವಷ್ಟು ನನಗೂ ಗೊತ್ತಾಗುತ್ತಿತ್ತು. ಗೋಕಾಕದ ಫೋಟೋ ಸ್ಟುಡಿಯೋದವನಿಗೆ ಒಯ್ದು ತೋರಿಸಿದೆ. "ಅಕ್ಕೋರ, ಸೆನ್ಸಾರ್ ಹೋಗೇತ್ರಿ, ಒಗೀರಿ ಅತ್ತಾಗ" ಎಂದ. ಮದುವೆ ಫೋಟೋದಲ್ಲಿ ಮದುಮಗಳ ಮುಖ ಸುಣ್ಣ ಬಳಿದಂತೆ ಮಾಡುವವನ ಮಾತು ಏನು ಕೇಳುವುದು ಎಂದುಕೊಂಡು ಬಸ್ಸು ಹತ್ತಿದೆ.

ಹುಕ್ಕೇರಿಯಲ್ಲಿ ಇವರ ಹಳೆಯ ಜೊತೆಗಾರ, ಭೌತಶಾಸ್ತ್ರದ ಮಾಸ್ತರರು ಒಬ್ಬರಿದ್ದಾರೆ, ಅವರಿಗೂ ಆಕಾಶದ ಹುಚ್ಚು. ಫೋನ್ ಹಚ್ಚಿದೆ. "ಸೆನ್ಸಾರ್ ಹೋಗಿಲ್ರಿ. ಎಲ್ಲಾ ಕ್ಯಾಮೆರಾಕ್ಕೂ ಈ ಚುಕ್ಕಿ ಇರ್ತಾವ. ಮುಚ್ಚಳ ಹಾಕಿ ಬರೇ ಕತ್ತಲೀದ ಫೋಟೋ ತಗೀರಿ. ಅದರಾಗೂ ಅವ ಚುಕ್ಕಿ ಬರ್ತಾವ. ಇದರಾಗಿಂದ ಅದನ್ನ ಕಳದ್ರ ಆತು. ಆದ್ರ ಸರ್ ತಗದಾಗ ಇದ್ದಷ್ಟ ತಂಪು, ಅಷ್ಟ ಹೊತ್ತು ಇರಬೇಕು ಮತ್ತ" ಎಂದರು. ಕನ್ನಡ ಕಲಿಸಿದವಳು ನಾನು, ಕತ್ತಲೆಯ ಫೋಟೋ ತೆಗೆಯಲು ಕೂತೆ.

ದುರ್ಬೀನು, ಕ್ಯಾಮೆರಾ ಎರಡನ್ನೂ ಸ್ಟ್ಯಾಂಡಿನ ಸಮೇತ ಕಿಟಕಿಯಿಲ್ಲದ ಕಾಳಿನ ಕೋಣೆಗೆ ಎಳೆದೆ. ಬಾಗಿಲ ಸಂದಿಯಿಂದ ಬೆಳಕು ಬರುತ್ತದೆಂದು ಕ್ಯಾಮೆರಾದ ಮೇಲೊಂದು ಕೌದಿ ಹೊಚ್ಚಿದೆ. ಕತ್ತಲೆಯ ಫೋಟೋ ತೆಗೆದು ಕಳೆದರೆ ಚುಕ್ಕಿಗಳು ಹೋಗುವ ಬದಲು ಹೆಚ್ಚಾದವು. ಮತ್ತೆ ತೆಗೆದೆ, ಮತ್ತೆ ಹೆಚ್ಚಾದವು. ನಾಲ್ಕು ದಿನ ಹೀಗೇ ಹಣೆ ಹಣೆ ಬಡಿದುಕೊಂಡೆ. ಕೊನೆಗೆ ಮಾಸ್ತರರು ಫೋನಿನಲ್ಲಿ, "ಕೌದಿ ಹೊಚ್ಚೀರಿ? ಅಯ್ಯ ಅಕ್ಕೋರ, ಫ್ಯಾನ್ ಉಸರಾಡಬೇಕಲ್ರಿ! ಕುದ್ದ ಹೋಗಿರತೈತಿ ಅದು" ಎಂದು ನಕ್ಕರು. ಫ್ಯಾನಿನ ಕಡೆ ಬಿಟ್ಟು ಕರಿ ಬಟ್ಟೆ ಸುತ್ತಿದೆ. ಮರುದಿನ ಚುಕ್ಕಿಗಳೆಲ್ಲ ಮಾಯ. ಲ್ಯಾಪ್‌ಟಾಪನ್ನು ಮಂಚದ ಮೇಲಿಟ್ಟು ತೋರಿಸಿದೆ. ಬೆನ್ನಿಗೆ ದಿಂಬು ಕೊಟ್ಟರೆ ಹತ್ತು ನಿಮಿಷ ಕೂತರು ನನ್ನಪ್ಪ! ನಾನು ಅಡುಗೆಮನೆಗೆ ಹೋಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತೆ.

ಇನ್ನು ಉಳಿದದ್ದು ಉಂಗುರಗಳು. ಸುರುಳಿಯ ಮೇಲೆಯೇ ನಾಲ್ಕೈದು ಕಪ್ಪು ಉಂಗುರ, ಒದ್ದೆ ಲೋಟ ಇಟ್ಟು ಎತ್ತಿದ ಹಾಗೆ. ಮೂಲೆಗಳೆಲ್ಲ ಮಬ್ಬು. "ಅವು ಧೂಳಿನ ಕಣದ ನೆರಳರಿ" ಎಂದರು ಮಾಸ್ತರರು. "ದುರ್ಬೀನಿನ ಬಾಯಿಗೆ ಬಿಳೇ ಅರಬಿ ಕಟ್ಟಿ ಮುಂಜಾನಿ ಆಕಾಶದ ಫೋಟೋ ತಗೀರಿ. ಧೂಳ ಎಲ್ಲಿ ಐತಿ ಅಂತ ಅದರಾಗ ಅಚ್ಚ ಬೀಳತೈತಿ. ಅದನ್ನ ಲೆಕ್ಕಕ್ಕ ಹಿಡದ್ರ ಉಂಗುರ ಅಳಿಸಿ ಹೋಗ್ತಾವ."

ಆಗ ತಿಳಿಯಿತು ನನಗೆ, ಆ ಮುಂಜಾನೆಯ ದಿಂಬಿನ ಚೀಲ ಯಾತಕ್ಕೆಂದು. ಅದನ್ನೇ ತೆಗೆದುಕೊಂಡು ಮಾಳಿಗೆ ಹತ್ತಿದೆ. ಫೋಟೋ ತೆಗೆದೆ, ಕೂಡಿಸಿದೆ. ಮೂಲೆಗಳು ತಿಳಿಯಾದವು. ಉಂಗುರಗಳು ಹೋಗಲಿಲ್ಲ. ಹೋಗುವುದಿರಲಿ, ಪಕ್ಕದಲ್ಲಿ ಬೇರೆ ಬಿಳಿ ಉಂಗುರಗಳು ಹುಟ್ಟಿಕೊಂಡವು. ಬಟ್ಟೆ ಬದಲಿಸಿದೆ. ಒಂದು ಮಡಿಕೆ, ಎರಡು ಮಡಿಕೆ. ಸೂರ್ಯ ಹುಟ್ಟುವ ಮುಂಚೆ, ಹುಟ್ಟಿದ ಮೇಲೆ. ಚಳಿಗಾಲವಿಡೀ ಮುಂಜಾನೆ ನಾನು ಮಾಳಿಗೆಯ ಮೇಲೆಯೇ. "ಹಾಳಾಗಿ ಹೋಗ" ಎಂದು ಆ ಡಬ್ಬಿಗೆ ಬೈದದ್ದನ್ನು ನೆರೆಮನೆಯವರು ಕೇಳಿಸಿಕೊಂಡು, ಗಂಡನಿಗೇ ಬೈಯುತ್ತಿದ್ದಾಳೆ ಎಂದುಕೊಂಡರಂತೆ. ಇವರು ಮಾತ್ರ ದಿನಾ ಕತ್ತೆತ್ತಿ ಪರದೆ ನೋಡುವರು, ಆಮೇಲೆ ನನ್ನನ್ನು ನೋಡುವರು.

ಕೊನೆಗೆ ಮಾಸ್ತರರು ತಾವೇ ಹುಕ್ಕೇರಿಯಿಂದ ಬಂದರು. ಇವರ ಕೈ ಹಿಡಿದು ಸ್ವಲ್ಪ ಹೊತ್ತು ಕೂತು, ಹೊರಗೆ ಪಡಸಾಲೆಗೆ ಬಂದು ಚಿತ್ರ ನೋಡಿದರು. ಹಳೆಯ ಉಂಗುರದ ಮೇಲೆ ಬೆರಳಿಟ್ಟರು, ಹೊಸದರ ಮೇಲೆ ಇಟ್ಟರು.

"ಅಕ್ಕೋರ, ಸರ್ ಬಿದ್ದ ಮ್ಯಾಲೆ ಈ ಕ್ಯಾಮೆರಾ ಯಾರರೆ ಬಿಚ್ಚಿದ್ರೇನ್ರಿ? ಗಾಜು ಒರಸಿದ್ರೇನು?"

"ಯಾರ ಮುಟ್ಟತಾರ್ರಿ ಅದನ್ನ" ಎನ್ನುತ್ತಿದ್ದಂತೆ ನೆನಪಾಯಿತು. ಮುಟ್ಟಿದವಳು ನಾನೇ.

ಮಹಾನವಮಿಯ ಖಂಡೇ ಪೂಜೆಗೆ ಮನೆಯ ಇಳಿಗೆಮಣೆ, ಹೊಲಿಗೆ ಮಿಷನ್ನು ಎಲ್ಲ ತೊಳೆದು ಒರೆಸಿ ಇಡುತ್ತೇವೆ. ಈ ಸಲದ ಹಬ್ಬದಲ್ಲಿ, ನಾನು ಲ್ಯಾಪ್‌ಟಾಪ್ ತೆರೆಯುವ ಮುಂಚೆಯೇ, ಗಂಡನ ಆಯುಧ ಧೂಳು ತಿನ್ನುತ್ತ ಬಿದ್ದಿದೆಯಲ್ಲ ಎಂದು ಅದನ್ನೂ ಎತ್ತಿಕೊಂಡಿದ್ದೆ. ಕ್ಯಾಮೆರಾ ತಿರುವಿ ಬಿಚ್ಚಿದೆ, ಗಾಜಿನ ಮೇಲೆ ಹಾ ಎಂದು ಉಸಿರು ಬಿಟ್ಟು ಮೆತ್ತನೆಯ ಹಳೇ ಸೀರೆಯಿಂದ ಒರೆಸಿದೆ. ವಿಭೂತಿ ಹಚ್ಚಿ, ಹೂವಿಟ್ಟು, ಇದ್ದ ಹಾಗೆಯೇ ಜೋಡಿಸಿದೆ. ಅಷ್ಟು ಹೊತ್ತೂ ಇವರು ಮಂಚ ಬಡಿಯುತ್ತಿದ್ದರು. ನೀರು ಕೊಟ್ಟೆ, ಬಡಿದರು. ಮಗ್ಗಲು ಬದಲಿಸಿದೆ, ಬಡಿದರು. ಮೂತ್ರದ ಪಾತ್ರೆ ಹಿಡಿದೆ, ಅದನ್ನೂ ತಳ್ಳಿ ಬಡಿದರು. "ಹಬ್ಬದ ದಿನಾನರೆ ಸುಮ್ನ ಇರ್ರಿ! ನನಗೂ ಇರಾವು ಎರಡ ಕೈ" ಎಂದು ಕೂಗಿ ಕೋಣೆಯ ಬಾಗಿಲು ಎಳೆದುಕೊಂಡಿದ್ದೆ.

"ಆ ಧೂಳ ಇದ್ದಿದ್ರ ಇವತ್ತೂ ಸರಿಹೋಗತಿತ್ತು" ಎಂದರು ಮಾಸ್ತರರು, ಬಹಳ ಮೆಲ್ಲಗೆ. "ಸರ್ ತಗದ ಫೋಟೋದಾಗಿನ ಧೂಳ ಬ್ಯಾರೆ, ಈಗ ಗಾಜಿನ ಮ್ಯಾಲೆ ಇರೂದು ಬ್ಯಾರೆ. ಅಳಿಸಿ ಹೋದದ್ದನ್ನ ಎಲ್ಲಿಂದ ತರೂದ್ರಿ?" ಕೈಯಿಂದ ತಿದ್ದಬಹುದಂತೆ, ಆದರೆ ಉಂಗುರಗಳ ಅಡಿಯಲ್ಲಿರುವ ಸುರುಳಿ ನಾವು ಬರೆದದ್ದಾಗುತ್ತದೆ, ಅಲ್ಲಿ ಇದ್ದದ್ದಲ್ಲ, ಸರ್ ಅದನ್ನು ಒಪ್ಪುವವರಲ್ಲ ಎಂದರು. ನನಗೂ ಅದು ಗೊತ್ತಿತ್ತು. ಚಹಾ ಕುಡಿಯದೆ ಹೋದರು.

ನಾನು ಒಳಗೆ ಹೋಗಿ ಲ್ಯಾಪ್‌ಟಾಪನ್ನು ಅವರ ಎದೆಯ ಹತ್ತಿರ ಇಟ್ಟೆ. "ಖಂಡೇ ಪೂಜಿ ದಿನ ಮಂಚ ಬಡದ್ರಲ್ಲ, ಒರಸಬ್ಯಾಡ ಅಂತ ಬಡದ್ರೇನ್ರಿ?" ಎಂದು ಕೇಳಿದೆ.

ಹೌದೆಂದು ತಲೆಯಾಡಿಸಿದರು.

ಅಂದರೆ ಎಲ್ಲ ಗೊತ್ತಿತ್ತು. ಚಳಿಗಾಲವಿಡೀ ನಾನು ಹತ್ತಿ ಇಳಿದು ಸಾಯುತ್ತಿದ್ದಾಗ, ಇದು ಆಗದ ಕೆಲಸ ಎಂದು ಈ ಮನೆಯಲ್ಲಿ ಒಬ್ಬರಿಗೆ ಗೊತ್ತಿತ್ತು. ಆದರೂ ದಿನಾ ಕತ್ತೆತ್ತಿ ನೋಡುತ್ತಿದ್ದರಲ್ಲ, ಯಾಕೆ? ಕೇಳಿದೆ. ಅದು ಹೌದು, ಅಲ್ಲ ಎನ್ನುವಂಥ ಪ್ರಶ್ನೆಯಲ್ಲ. ಎಡಗೈ ಸ್ವಲ್ಪ ಎತ್ತಿದರು, ಏನೋ ಹೇಳಲು ಬಾಯಿ ತೆರೆದರು, ಗಂಟಲಿನಿಂದ ಸದ್ದೊಂದು ಬಂತು, ಅಷ್ಟೇ.

"ಬೈರಿ ನನ್ನ" ಎಂದೆ. "ಒಂದ ಸಲರೆ ಬಾಯಿ ತುಂಬ ಬೈರಿ. ನಿಮಗ ಕೈಮುಗೀತೀನಿ."

ಎಡಗೈಯಿಂದ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದರು.

ಮರುದಿನ ನಾನು ಅದನ್ನು ತೆರೆದಿಟ್ಟೆ. ಮತ್ತೆ ಮುಚ್ಚಿದರು. ಮೂರನೆಯ ದಿನ ನಾನು ತೆರೆಯಲಿಲ್ಲ. ಹತ್ತು ಗಂಟೆಗೆ ವ್ಯಾಯಾಮದ ಹೆಣ್ಣುಮಗಳು ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಇವರು ಗೋಡೆಯ ಕಡೆ ಮುಖ ಮಾಡಿಕೊಂಡಿದ್ದರು. "ನಾಳೆ ಬಾರವಾ" ಎಂದು ಅವಳನ್ನು ಬಾಗಿಲಿನಿಂದಲೇ ಕಳಿಸಿದೆ.