ಹಲ್ಲಕ್ಕ ಕರೆಯದೆ ಕುಳಿತ ಮಧ್ಯಾಹ್ನ

ನಮ್ಮ ಕಟ್ಟಡದಲ್ಲಿ ಆಕೆಯನ್ನು ಎಲ್ಲರೂ ಕರೆಯುವುದು ಹಲ್ಲಕ್ಕ ಎಂದೇ. ನಾಲ್ಕಾರು ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವರ ಕೆಲಸ. ಐದನೇ ಮಹಡಿಯ ಅವರ ಮನೆಯ ಮುಂದಿನ ಕೋಣೆಯಲ್ಲಿ ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ ಪ್ಲಾಸ್ಟರಿನ ದವಡೆಗಳ ಸಾಲು. ಮೊದಲ ಸಲ ಹೋದವರಿಗೆ ಇಪ್ಪತ್ತು ಜನ ಮುಖವಿಲ್ಲದೆ ನಗುತ್ತಿರುವಂತೆ ಕಾಣುತ್ತದೆ. ನಾನು ಅವರ ಕೆಳಗಿನ ಮನೆಯವಳು, ಹನ್ನೆರಡು ವರ್ಷದಿಂದ.

ಹಲ್ಲಕ್ಕ ಪುಕ್ಕಲು. ಬೆನ್ನ ಹಿಂದೆ ಆಡುವ ಮಾತಲ್ಲ ಇದು, ಅವರೇ ಹೇಳಿಕೊಳ್ಳುತ್ತಾರೆ. ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುತ್ತಾರೆ, ಮೆಟ್ಟಿಲು ಇಳಿದು ಮತ್ತೆ ಹತ್ತಿ ನಾಲ್ಕನೇ ಸಲವೂ ನೋಡುತ್ತಾರೆ. ಎತ್ತರವೆಂದರಂತೂ ಕೈಕಾಲು ತಣ್ಣಗಾಗುತ್ತದೆ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಾಗಲೂ ಬೆನ್ನು ಗೋಡೆಗೆ ಅಂಟಿಸಿಕೊಂಡೇ ನಿಲ್ಲುವುದು. ಒಂಬತ್ತು ವರ್ಷದವರಿದ್ದಾಗ ಮನೆಯವರು ನಾಲ್ಕು ವರ್ಷದ ತಮ್ಮನನ್ನು ನೋಡಿಕೊಳ್ಳಲು ಬಿಟ್ಟಿದ್ದರಂತೆ. ಅವನು ಕಾಂಪೌಂಡ್ ಗೋಡೆ ಹತ್ತಿದ್ದ. ಇವರು ಗಾಬರಿಯಿಂದ ಹೆಸರು ಹಿಡಿದು ಕೂಗಿದರು, ಅವನು ತಿರುಗಿ ನೋಡಿದ, ಬಿದ್ದ. ಮೊಣಕೈ ಮುರಿಯಿತು. ಅವನು ಆ ಕಥೆಯನ್ನು ನಗುತ್ತಾ ಹೇಳುತ್ತಾನೆ. ಇವರು ಎದ್ದು ಒಳಗೆ ಹೋಗುತ್ತಾರೆ.

ಆ ತಮ್ಮ ಈಗ ಹಡಗಿನಲ್ಲಿ ಅಡುಗೆಯವನು, ಒಂಟಿ ಮನುಷ್ಯ. ಹೋದ ವರ್ಷ ಮೂರು ತಿಂಗಳ ಕೆಲಸಕ್ಕೆ ಹೊರಡುವಾಗ ತನ್ನ ನಾಯಿಯನ್ನು ತಂದು ಅಕ್ಕನ ಮಡಿಲಿಗೆ ಹಾಕಿದ. ಟೆರಿಯರ್ ಜಾತಿಯದು. ಬಿಳಿ ಮೈ, ಒಂದು ಕಿವಿ ಕಂದು, ತೂಕ ಹೆಚ್ಚೆಂದರೆ ಒಂದು ದೊಡ್ಡ ಕಲ್ಲಂಗಡಿಯಷ್ಟು. ಅವನು ಅದನ್ನು ಚಿಗರೆ ಎಂದು ಕರೆಯುತ್ತಿದ್ದ.

"ಅಕ್ಕಾ, ಇವಳು ಸ್ವಲ್ಪ ಹಾರ್ತಾಳೆ, ಅಷ್ಟೆ."

"ಸ್ವಲ್ಪ ಅಂದ್ರೆ ಎಷ್ಟು?"

"ನೋಡ್ತೀಯಲ್ಲ," ಎಂದು ಚೀಲ ಹೆಗಲಿಗೇರಿಸಿ ನಡೆದೇಬಿಟ್ಟ.

ಹಲ್ಲಕ್ಕ ಅದೇ ಸಂಜೆ ನೋಡಿದರು. ಚಹಾ ಮಾಡಿಕೊಂಡು ಬರುವಷ್ಟರಲ್ಲಿ ಚಿಗರೆ ದವಡೆಗಳ ನಡುವೆ ಕೂತಿತ್ತು. ಆ ಹಲಗೆ ಹಲ್ಲಕ್ಕನ ಎದೆಯ ಎತ್ತರಕ್ಕಿದೆ. ಕುರ್ಚಿ, ಕುರ್ಚಿಯಿಂದ ಕೆಲಸದ ಮೇಜು, ಮೇಜಿನಿಂದ ಹಲಗೆ. ಒಂದು ದವಡೆಯೂ ಉರುಳಿರಲಿಲ್ಲ. ಮರುದಿನ ಕುರ್ಚಿ ಸರಿಸಿದರು. ನಾಯಿ ನೆಲದಿಂದಲೇ ನೇರ ಮೇಜಿಗೆ ನೆಗೆಯಿತು, ಓಡಿಬಂದೂ ಅಲ್ಲ, ನಿಂತಲ್ಲಿಂದ. ಅಡುಗೆಮನೆಗೆ ಜಾಲರಿ ಬಾಗಿಲು ಹಾಕಿದರೆ ಅದರ ತೂತುಗಳಿಗೆ ಮುಂಗಾಲಿನ ಉಗುರು ಸಿಕ್ಕಿಸಿ, ಹಿಂಗಾಲಿನಿಂದ ಒದ್ದುಕೊಂಡು ಬೆಕ್ಕಿನ ಹಾಗೆ ಹತ್ತಿತು. ಮೇಲಕ್ಕೆ ಹೋಗುವುದೇನೋ ಸರಾಗ, ಇಳಿಯುವುದು ಮಾತ್ರ ಬಾರದು. ಮೇಲೆ ಕೂತು ಕುಂಯ್ಗುಡುತ್ತಿತ್ತು, ಹಲ್ಲಕ್ಕ ಎತ್ತಿ ಇಳಿಸಬೇಕು.

"ನಾಯಿ ಅಂತ ಹೇಳಿ ಕಪಿ ಕೊಟ್ಟು ಹೋಗಿದಾನೆ," ಎಂದು ನನ್ನ ಬಳಿ ಅಲವತ್ತುಕೊಂಡರು. ನಾನು ನಕ್ಕೆ. ಅವರು ನಗಲಿಲ್ಲ. ಕಿಟಕಿಯ ಹತ್ತಿರವಿದ್ದ ಸಾಮಾನನ್ನೆಲ್ಲ ಕೋಣೆಯ ನಡುವಿಗೆ ಎಳೆದಿದ್ದರು. ಮನೆ ಖಾಲಿ ಮಾಡಲು ಹೊರಟವರಂತೆ ಮಂಚ, ಬೀರು, ಟೀಪಾಯಿ ಎಲ್ಲ ಒಂದೆಡೆ ಗುಂಪಾಗಿದ್ದವು. ಬಾಲ್ಕನಿಯ ಬಾಗಿಲಿಗೆ ಎರಡು ಚಿಲಕ.

ಐದನೇ ವಾರ ಕಟ್ಟಡಕ್ಕೆ ಬಣ್ಣ ಬಳಿಯುವವರು ಬಂದರು. ಗೋಡೆಗೆ ಒತ್ತಿ ಕಬ್ಬಿಣದ ಕೊಳವೆಗಳ ಸಾರುವೆ ಕಟ್ಟಿ, ನಾಲ್ಕನೇ ಮಹಡಿಯವರೆಗೆ ಹಲಗೆ ಹಾಸಿದ್ದರು. ಬಾಲ್ಕನಿಯ ಸರಳುಗಳನ್ನು ಕಳಚಿ ಬಣ್ಣಕ್ಕೆ ಕೆಳಗೆ ಒಯ್ದಿದ್ದರು. ಆ ಮಧ್ಯಾಹ್ನ ಹಲ್ಲಕ್ಕ ಒಂದು ಸೆಟ್ಟಿನ ಅಚ್ಚನ್ನು ಪಾತ್ರೆಯಲ್ಲಿ ಕುದಿಯಲು ಇಟ್ಟಿದ್ದರು. ಮಧ್ಯೆ ಬಣ್ಣದವನೊಬ್ಬ ಗೋಡೆ ಉಜ್ಜಲು ಮನೆಯೊಳಗಿಂದ ಬಾಲ್ಕನಿಗೆ ಹೋಗಿ ಬಂದ. ಹೊರಡುವಾಗ ಬಾಗಿಲು ಎಳೆದ, ಚಿಲಕ ಹಾಕಲಿಲ್ಲ. ಜೀವಮಾನವಿಡೀ ಚಿಲಕ ನೋಡಿದ ಹಲ್ಲಕ್ಕ ಅದೊಂದು ಸಲ ನೋಡಲಿಲ್ಲ.

ಮನೆ ಇದ್ದಕ್ಕಿದ್ದಂತೆ ತೀರಾ ನಿಶ್ಶಬ್ದವಾಗಿದೆ ಅನ್ನಿಸಿತಂತೆ. ಟಪಟಪ ಉಗುರಿನ ಸದ್ದಿಲ್ಲ. ತಿರುಗಿ ನೋಡಿದರೆ ಬಾಲ್ಕನಿಯ ಬಾಗಿಲು ಒಂದು ಗೇಣು ತೆರೆದಿದೆ. ಬಾಲ್ಕನಿಯಲ್ಲಿ ಬಟ್ಟೆ ಒಗೆಯುವ ಯಂತ್ರ, ಅದರ ಪಕ್ಕದಲ್ಲೇ ಸರಳು ಕಳಚಿದ ಮೋಟುಗೋಡೆ, ಗೋಡೆಯ ಮೇಲೆ ಸುಣ್ಣದ ಪುಡಿಯಲ್ಲಿ ಮೂಡಿದ ನಾಲ್ಕು ಪುಟ್ಟ ಹೆಜ್ಜೆ. ಆಮೇಲೆ ಹೆಜ್ಜೆ ಇಲ್ಲ.

ಅವರು ಬಗ್ಗಿ ನೋಡಿದರು. ಹನ್ನೆರಡು ವರ್ಷದಲ್ಲಿ ಮೊದಲ ಸಲ.

ಚಿಗರೆ ಸತ್ತಿರಲಿಲ್ಲ. ಪಾರಿವಾಳ ಕಂಡು ನೆಗೆದಿರಬೇಕು. ಒಂದಾಳು ಕೆಳಗೆ, ಪಕ್ಕಕ್ಕೆ ಸರಿದು, ನಮ್ಮ ಮನೆಯ ಕಿಟಕಿಯ ಮೇಲಿನ ಸಜ್ಜಾದ ಮೇಲೆ ನಿಂತಿತ್ತು. ಸಜ್ಜಾ ಎಂದರೆ ಮಳೆನೀರು ತಡೆಯುವ ಕಾಂಕ್ರೀಟಿನ ಅಂಚು, ಮೊಳದಗಲವೂ ಇಲ್ಲ. ಪಾರಿವಾಳ ಹಾರಿಹೋಗಿತ್ತು. ನಾಯಿ ಗೋಡೆಗೆ ಮೈ ಒತ್ತಿ ನಡುಗುತ್ತಿತ್ತು.

"ಚಿಗ..." ಎಂದರು ಹಲ್ಲಕ್ಕ. ಅಷ್ಟೇ. ನಾಯಿ ತಲೆ ಎತ್ತಿತು, ಬಾಲ ಆಡಿಸಿತು, ಹಿಂಗಾಲು ಮಡಚಿ ಮೈ ಕುಗ್ಗಿಸಿತು. ಮೇಜಿಗೆ ನೆಗೆಯುವ ಮೊದಲು ಮಾಡುತ್ತಿದ್ದ ಹಾಗೆಯೇ. ಅಲ್ಲಿಂದ ಇಲ್ಲಿಗೆ ಹಾರಲು ಯಾವ ನಾಯಿಗೂ ಆಗದು. ಆದರೆ ಅದಕ್ಕೆ ಅದು ಗೊತ್ತಿಲ್ಲ.

ಕರೆದರೆ ಹಾರುತ್ತದೆ.

ಹಲ್ಲಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಮೋಟುಗೋಡೆಯ ಹಿಂದೆ ನೆಲಕ್ಕೆ ಕುಸಿದರು. ಮುಖ ಕಂಡರೆ ಹಾರುತ್ತದೆ, ದನಿ ಕೇಳಿದರೆ ಹಾರುತ್ತದೆ. ಆಚೆಯಿಂದ ಅದರ ಕುಂಯ್ ಕುಂಯ್, ಉಗುರು ಕೆರೆಯುವ ಸದ್ದು. ಸದ್ದು ನಿಂತಾಗಲೆಲ್ಲ, ಬಿತ್ತು, ಅಂದುಕೊಂಡರಂತೆ. ಮತ್ತೆ ಶುರುವಾದಾಗ ಮಾತ್ರ ಉಸಿರು. ಹಾಗೇ ತೆವಳುತ್ತಾ ಒಳಗೆ ಬಂದು ನನಗೆ ಫೋನ್ ಮಾಡಿದರು. ಮೊದಲಿಗೆ ಯಾರೆಂದೇ ತಿಳಿಯಲಿಲ್ಲ, ಹಲ್ಲು ಕಟಕಟ ಅನ್ನುವುದಷ್ಟೇ ಕೇಳುತ್ತಿತ್ತು.

"ನಿಮ್ಮ ಕಿಟಕಿ... ಮೇಲೆ... ಕೂಗಬೇಡಿ. ದಮ್ಮಯ್ಯ, ಕೂಗಬೇಡಿ."

ನಾನು ಬಣ್ಣದ ಮೇಸ್ತ್ರಿಯನ್ನು ಕರೆದೆ. ಐವತ್ತು ದಾಟಿದ ಗಟ್ಟಿ ಆಳು. ಸರಳಿಲ್ಲದ ನಮ್ಮ ಕಿಟಕಿಯಿಂದ ಸಾರುವೆಯ ಹಲಗೆಗೆ ಇಳಿದ. ಸಜ್ಜಾ ಅವನ ತಲೆಗಿಂತ ತುಸು ಮೇಲೆ. ಕೈ ಚಾಚಿದ್ದೇ ತಡ, ನಾಯಿ ಹಲ್ಲು ಕಿರಿದು ಹಿಂದೆ ಸರಿಯಿತು. ಹಿಂದೆ ಉಳಿದಿದ್ದದ್ದು ಒಂದು ಗೇಣು ಕಾಂಕ್ರೀಟು, ಆಮೇಲೆ ಬರೀ ಗಾಳಿ. ಮೇಸ್ತ್ರಿ ಕೈ ಇಳಿಸಿ, ಬೆವರು ಒರೆಸಿಕೊಂಡು ಪಿಸುಗುಟ್ಟಿದ: "ನನ್ನ ಕಂಡ್ರೆ ಹೆದರ್ತಿದೆ. ಆ ಅಕ್ಕನೇ ಇಲ್ಲಿಗೆ ಬರ್ಬೇಕು. ಕೆಳಗಿಂದ ಕಂಡ್ರೆ ಕೆಳಗೇ ಇಳಿಯುತ್ತೆ."

ಅಷ್ಟರಲ್ಲಿ ಹಲ್ಲಕ್ಕ ನಮ್ಮ ಬಾಗಿಲಲ್ಲಿದ್ದರು, ಬರಿಗಾಲಲ್ಲಿ. ಮಾತು ಕೇಳಿಸಿಕೊಂಡರು. ಕಿಟಕಿಯತ್ತ ನೋಡಿದರು.

"ನನ್ನ ಕೈಲಿ ಆಗಲ್ಲ ಕಣೇ," ಎಂದರು ನನಗೆ. ಹಾಗೆನ್ನುತ್ತಲೇ ಒಂದು ಕಾಲನ್ನು ಕಿಟಕಿಯ ಮೇಲೆ ಇಟ್ಟಿದ್ದರು.

ಮೇಸ್ತ್ರಿ ಅವರ ಸೊಂಟಕ್ಕೆ ಹಗ್ಗ ಬಿಗಿದು ಇನ್ನೊಂದು ತುದಿಯನ್ನು ಕೊಳವೆಗೆ ಸುತ್ತಿದ. ನಾನು ಒಳಗಿನಿಂದ ಅವರ ಕಾಲು ಹಿಡಿದುಕೊಂಡೆ. ಹಲಗೆಯ ಮೇಲೆ ನಿಂತಾಗ ಆ ಕಾಲು ಎಷ್ಟು ನಡುಗುತ್ತಿತ್ತೆಂದರೆ ನನ್ನ ಬಳೆಗಳು ಸದ್ದು ಮಾಡಿದವು. ಕಣ್ಣು ಮುಚ್ಚಿಕೊಂಡೇ ಗೋಡೆ ತಡಕುತ್ತಾ ಒಂದು ಕೈ ಎತ್ತಿದರು. ಮೇಣ, ಪ್ಲಾಸ್ಟರಿನ ವಾಸನೆಯ ಕೈ. ಮೇಲೆ ಮೂಸುವ ಸದ್ದು. ಉಗುರು ಒಂದು ಹೆಜ್ಜೆ ಮುಂದೆ ಬಂತು.

"ಇನ್ನು ಕರೀರಿ ಅಕ್ಕಾ," ಎಂದ ಮೇಸ್ತ್ರಿ.

ಹಲ್ಲಕ್ಕ ಬಾಯಿ ತೆರೆದರು, ದನಿ ಬರಲಿಲ್ಲ. ಮತ್ತೆ ತೆರೆದರು. ತಮ್ಮನನ್ನು ಕೂಗಿದ್ದು ಆಗ ಕಣ್ಣಿಗೆ ಕಟ್ಟಿತಂತೆ. ಕೂಗಲಾರೆ ಅನ್ನಿಸಿತಂತೆ. ಕೊನೆಗೆ ಕಣ್ಣು ತೆರೆದು, ನಾಯಿಯನ್ನೇ ನೋಡುತ್ತಾ, ಪಕ್ಕದಲ್ಲಿದ್ದವರಿಗಷ್ಟೇ ಕೇಳುವಂತೆ ಅಂದರು: "ಬಾರೆ."

ಕಲ್ಲು ಬಿದ್ದ ಹಾಗೆ ಬಂದು ಎದೆಗೆ ಬಡಿಯಿತು ಚಿಗರೆ. ಹಲಗೆ ತೂಗಿತು, ಹಲ್ಲಕ್ಕ ಹಿಂದಕ್ಕೆ ವಾಲಿದರು, ಹಗ್ಗ ಬಿಗಿಯಿತು, ಮೇಸ್ತ್ರಿ ಅವರ ತೋಳು ಹಿಡಿದು ಕಿಟಕಿಯತ್ತ ಎಳೆದ. ಮೂವರೂ ಒಂದು ಗಂಟಾಗಿ ನಮ್ಮ ಕಿಟಕಿಯೊಳಕ್ಕೆ ಉರುಳಿದರು. ನಾಯಿಯನ್ನು ಅಪ್ಪಿದ್ದ ಅವರ ಬೆರಳುಗಳನ್ನು ನಾವು ಒಂದೊಂದಾಗಿ ಬಿಡಿಸಬೇಕಾಯಿತು.

ಆಮೇಲೆ ಮೇಲಿನಿಂದ ಸುಟ್ಟ ವಾಸನೆ ಬಂತು. ಕುದಿಯಲಿಟ್ಟ ಪಾತ್ರೆ ನೀರಾರಿ ಕೆಂಪಗಾಗಿತ್ತು! ಸೆಟ್ಟು ಸ್ಪಂಜಿನಂತೆ ಗುಳ್ಳೆ ಎದ್ದು ಕೂತಿತ್ತು. ಹಲ್ಲಕ್ಕ ವೈದ್ಯರಿಗೆ ಫೋನ್ ಮಾಡಿ ನಡೆದದ್ದನ್ನು ನಡೆದ ಹಾಗೇ ಹೇಳಿ, ಆ ಸೆಟ್ಟನ್ನು ಹೊಸದಾಗಿ ಮಾಡಿಕೊಟ್ಟರು. ಚಿಲಕ ಮರೆತ ಬಣ್ಣದವನನ್ನು ಮೇಸ್ತ್ರಿ ಬೈಯಲು ಹೊರಟಾಗ ತಡೆದರು. "ನೋಡಬೇಕಾಗಿದ್ದದ್ದು ನಾನು," ಎಂದರು.

ಅವರ ಭಯ ಹೋಯಿತೇ ಎಂದು ಕೇಳಬೇಡಿ. ಒಂದು ವಾರ ಊಟ ಸೇರಲಿಲ್ಲ. ನಾಯಿ ಸುಮ್ಮನೆ ಮಲಗಿದ್ದರೂ ಉಸಿರಾಡುತ್ತಿದೆಯೇ ಎಂದು ಹೊಟ್ಟೆ ಮುಟ್ಟಿ ನೋಡುತ್ತಿದ್ದರು. ಬಾಲ್ಕನಿಗೆ ನೆಲದಿಂದ ಚಾವಣಿಯವರೆಗೆ ಬಲೆ ಬಂತು. ಬೀದಿ ನೋಡಲೆಂದೇ ಅದು ಹತ್ತುತ್ತಿದ್ದದ್ದು ಎಂದು ಗೊತ್ತಾದ ಮೇಲೆ, ಮುಂದಿನ ಕೋಣೆಯ ಸರಳಿರುವ ಕಿಟಕಿಯ ಕೆಳಗೆ ಅಗಲವಾದ ಎರಡು ಮೆಟ್ಟಿಲು ಮಾಡಿಸಿದರು. ಹತ್ತಲೂ ಸುಲಭ, ಇಳಿಯಲೂ ಸುಲಭ.

ತಮ್ಮ ಹಿಂತಿರುಗಿ ಬಂದು ಎಲ್ಲ ಕೇಳಿದ. ಈ ಸಲ ನಗಲಿಲ್ಲ. ನಾಯಿಯ ತಲೆ ಸವರಿ, "ನಾಳೆ ಕರ್ಕೊಂಡು ಹೋಗ್ತೀನಿ ಅಕ್ಕಾ, ನಿನಗೆ ಸಾಕಾಗಿರತ್ತೆ," ಎಂದ.

"ನಿನ್ನ ಮನೆ ಎಷ್ಟನೇ ಮಹಡಿ?"

"ಮೂರು."

"ಕಿಟಕಿಗೆ ಬಲೆ?"

"ಹಾಕಿಸಿಲ್ಲ," ಎಂದ. ಹಲ್ಲಕ್ಕ ಚಪ್ಪಲಿ ಮೆಟ್ಟಿ, ಅಳತೆಯ ಟೇಪು ಚೀಲಕ್ಕೆ ಹಾಕಿಕೊಂಡು, "ನಡಿ," ಎಂದರು. ನಾಯಿಯನ್ನು ನನ್ನ ಕೈಗಿತ್ತು ಇಬ್ಬರೂ ಮೆಟ್ಟಿಲಿಳಿದು ಹೋದರು.