ನಿನ್ನ ಹೆಸರಿಗೆ ಬರೆದ ಪಲ್ಯ

ಶಾಂತವ್ವಾ, ನಿನ್ನ ತಾಟಿನ ಪಲ್ಯವನ್ನು ಏಳು ದಿನ ನಾನು ಉಂಡೆ. ಉಂಡು, ನೀನೇ ಉಂಡೆ ಎಂದು ಬರೆದೆ. ನಿನ್ನ ಆಟ ನಿಂತದ್ದು ಅದರಿಂದ — ನಿನಗೆ ಇದನ್ನು ಯಾರೂ ಹೇಳಿರಲಾರರು.

ಅರವತ್ತರ ದಶಕದ ಮೊದಲ ವರ್ಷಗಳವು. ಧಾರವಾಡದಲ್ಲಿ ಓದುತ್ತಿದ್ದ ನಾನು ಪ್ರಬಂಧಕ್ಕಾಗಿ ಹುಬ್ಬಳ್ಳಿಯ ನಿಮ್ಮ ಶಾಲೆಗೆ ಬಂದಿದ್ದೆ. ಖೋ ಖೋ ಆಡುವ ಹುಡುಗಿಯರು, ಆಡದೆ ಕೂತಿರುವ ಹುಡುಗಿಯರು — ಈ ಎರಡು ಗುಂಪಿನವರ ಊಟ, ರಕ್ತ ಎರಡನ್ನೂ ಹೋಲಿಸಿ ನೋಡುವ ಕೆಲಸ. ನಿನಗಾಗ ಹದಿನಾಲ್ಕು. ನೀನು ಓಡಲು ನಿಂತರೆ ಮಾಸ್ತರರೂ ಪಾಠ ಬಿಟ್ಟು ಕಿಟಕಿಗೆ ಬರುತ್ತಿದ್ದರು.

ದಿನಾ ಬೆಳಿಗ್ಗೆ ತಕ್ಕಡಿ ಹಿಡಿದು ನಿಮ್ಮ ಮನೆಗೆ ಬರುತ್ತಿದ್ದೆ. ನಿನ್ನ ತಾಟಿಗೆ ಬಡಿಸಿದ್ದನ್ನು ತೂಗಿ ಬರೆದುಕೊಳ್ಳಬೇಕು. ತೂಗಲು ಹೋದ ಮನೆಯಲ್ಲಿ ನೀರು ಕೂಡ ಮುಟ್ಟಬಾರದು, ಲೆಕ್ಕ ಕೆಡುತ್ತದೆ — ಅದು ನಮ್ಮ ಪ್ರಾಧ್ಯಾಪಕರ ಕಟ್ಟಪ್ಪಣೆ. ಆದರೆ ಮೊದಲ ದಿನವೇ, ಅರಳೆ ಕಾರ್ಖಾನೆಯ ಕೆಲಸಕ್ಕೆ ಹೊರಟು ನಿಂತಿದ್ದ ನಿಮ್ಮವ್ವ, ತೂಗಿದ ತಾಟನ್ನೇ ನನ್ನ ಮುಂದೆ ಸರಿಸಿದಳು.

“ಮನಿಗೆ ಬಂದವರು ಹಂಗ ಹೋಗಬಾರದ್ರಿ ಅಕ್ಕಾರ. ಮೊದಲ ನೀವು ಉಣ್ರಿ. ಆಕಿಗೆ ಆಮ್ಯಾಲೆ ಹಾಕತೇನಿ.”

ಬೇಡವೆಂದರೆ ಆಕೆಗೆ ನೋವಾದೀತೆಂದು ಉಂಡೆ — ಅಲ್ಲ, ಈಗಲೂ ಸುಳ್ಳೇಕೆ? ಹಸಿವಾಗಿತ್ತು. ಹೆಸರುಕಾಳಿನ ಪಲ್ಯ ಘಮಘಮಿಸುತ್ತಿತ್ತು. ಮೂರನೆಯ ದಿನ ತಿರುಗಿ ನೋಡಿದಾಗ ನೀನು ಒಲೆಯ ಪಕ್ಕ ಕೂತು ಒಣರೊಟ್ಟಿಗೆ ಖಾರ ಹಚ್ಚಿಕೊಂಡು ತಿನ್ನುತ್ತಿದ್ದೆ. ಪಲ್ಯದ ಬೋಗುಣಿ ಖಾಲಿ. ನೋಡಿದೆ. ಆದರೂ ಬರೆದದ್ದನ್ನು ತಿದ್ದಲಿಲ್ಲ. ತಿದ್ದಿದರೆ ನಾನು ಉಂಡದ್ದು ಗೊತ್ತಾಗುತ್ತಿತ್ತಲ್ಲ.

ಕೊನೆಯ ದಿನ ನೀನು ಓಣಿಯ ತುದಿಯವರೆಗೆ ನನ್ನ ಜೊತೆ ಬಂದೆ.

“ನಾಳಿಯಿಂದ ನೀವು ಬರೂದಿಲ್ಲಲ್ರಿ ಅಕ್ಕಾರ? ಹಂಗಾರ ಅವ್ವ ಪಲ್ಯಾ ಮಾಡೂದೂ ಬಿಡತಾಳ.”

ದೂರಿನ ದನಿಯೇ ಅಲ್ಲ ಅದು. ನೀನು ನಗುತ್ತಲೇ ಅಂದೆ. ನಾನೂ ನಕ್ಕೆ.

ನಿನ್ನ ರಕ್ತದಲ್ಲಿ ಸತ್ವವೇ ಇರಲಿಲ್ಲ. ಪ್ರಾಧ್ಯಾಪಕರು ಎರಡೂ ಕಾಗದ ಎದುರಿಗಿಟ್ಟುಕೊಂಡು ಕೇಳಿದರು, “ಊಟ ಇಷ್ಟ ಛಲೋ ಅದ, ರಕ್ತ ಯಾಕ ಕಡಿಮಿ?”

ಹೇಳಬಹುದಿತ್ತು. ಬಾಯಿಯವರೆಗೂ ಬಂದಿತ್ತು. ಆದರೆ ನಾನು ಅಂದದ್ದು ಬೇರೆ —

“ಭಾಳ ಓಡತಾಳ್ರಿ, ಸರ್.”

ಅಷ್ಟೇ ಮಾತು. ಅದು ನಿಮ್ಮ ಮುಖ್ಯೋಪಾಧ್ಯಾಯಿನಿಯವರಿಗೆ ಮುಟ್ಟಿತು. ನಿನ್ನ ಒಳ್ಳೆಯದಕ್ಕೆಂದೇ ಅವರು ನಿನ್ನನ್ನು ತಂಡದಿಂದ ಬಿಡಿಸಿದರು. ಒಂದು ತಿಂಗಳ ಮೇಲೆ ಶಾಲೆಗೆ ಹೋದಾಗ ನೀನು ಮೈದಾನದ ಅಂಚಿನಲ್ಲಿ ಕೂತಿದ್ದೆ. ಯಾರೋ ‘ಖೋ’ ಎಂದಾಗ ಎದ್ದೇಬಿಟ್ಟೆ, ಆಮೇಲೆ ನೆನಪಾಗಿ ಕೂತೆ. ನನ್ನನ್ನು ಕಂಡು ಕೈ ಮುಗಿದೆ. ನಾನು ಗೇಟಿನಿಂದಲೇ ಹಿಂದಿರುಗಿದೆ. ಮರುವರ್ಷ ನೀನು ಶಾಲೆ ಬಿಟ್ಟೆಯೆಂದು ಕೇಳಿದೆ. ಎಲ್ಲಿಗೆ ಹೋದೆ ಎಂದು ವಿಚಾರಿಸುವ ಧೈರ್ಯವೂ ನನಗಿರಲಿಲ್ಲ.

ಆ ಪ್ರಬಂಧದಿಂದ ನನಗೆ ನೌಕರಿ ಸಿಕ್ಕಿತು. ಊರೂರಿಗೆ ಹೋಗಿ ಊಟದ ಬಗ್ಗೆ ಭಾಷಣ ಮಾಡಿದೆ. ಎಲ್ಲಿ ‘ಖೋ’ ಕೇಳಿದರೂ ನೀನು ಎದ್ದು, ಮತ್ತೆ ಕೂರುತ್ತೀಯ.

ಇಂದು ಆ ಪ್ರಬಂಧದ ನನ್ನ ಪ್ರತಿಯಲ್ಲಿ ನಿನ್ನ ಸಾಲನ್ನು ಹೊಡೆದುಹಾಕಿ, ‘ಒಣರೊಟ್ಟಿ, ಖಾರ’ ಎಂದು ಬರೆದೆ. ಏಕೆ ತಿದ್ದಿದೆ ಎಂಬುದನ್ನೂ ಬರೆದು ಕೆಳಗೆ ಸಹಿ ಹಾಕಿದ್ದೇನೆ. ನಾಳೆ ಗ್ರಂಥಾಲಯಕ್ಕೆ ಕೊಡುತ್ತೇನೆ. ಅದರಿಂದ ನಿನ್ನ ಮೈದಾನ ನಿನಗೆ ತಿರುಗಿ ಸಿಗುವುದಿಲ್ಲ, ಬಲ್ಲೆ.

ಓಡಿದ್ದರಿಂದ ನಿನಗೇನೂ ಆಗಿರಲಿಲ್ಲ, ಶಾಂತವ್ವಾ. ನೀನು ಹಸಿದಿದ್ದೆ.